ಪ್ಲಾಟು ಸಿಗುತ್ತದೆ, ನೀರು ಯಾರು ಕೊಡುತ್ತಾರೆ?

ಪ್ರಶ್ನೆ: ನಾನು ಕೊಪ್ಪಳದ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಯಜಮಾನರಿಗೆ ಗಿಣಿಗೇರಾ ಕಡೆಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾಲ್ಕು ವರ್ಷದ ಮಗಳು ಮತ್ತು ಉಬ್ಬಸದ ತೊಂದರೆ ಇರುವ ಅತ್ತೆ ನಮ್ಮ ಜೊತೆಗಿದ್ದಾರೆ. ಈಗ ಕೊಪ್ಪಳದಲ್ಲಿ ಬಾಡಿಗೆ ಮನೆ. ಭಾಗ್ಯನಗರದ ಆಚೆ ಹೊಸದಾಗಿ ಆಗುತ್ತಿರುವ ಲೇಔಟಿನಲ್ಲಿ 30×40 ಪ್ಲಾಟು ನೋಡಿದ್ದೇವೆ. 'ಎನ್.ಎ. ಆಗ್ಯಾದ, ಖಾತಾ ಆಗ್ತದ, ಎಲ್ಲಾ ಸೌಲಭ್ಯ ಬರ್ತಾವ, ಅಡ್ವಾನ್ಸ್ ಕೊಟ್ಬಿಡ್ರಿ' ಅನ್ನುತ್ತಾರೆ ಏಜೆಂಟರು. ಊರು ಬೆಳೆಯುತ್ತಿದೆ, ಈಗ ಬಿಟ್ಟರೆ ಮತ್ತೆ ಕೈಗೆಟುಕುವುದಿಲ್ಲ ಎಂದು ಯಜಮಾನರ ಅವಸರ. ಭಾಗ್ಯನಗರ ವಾಸಕ್ಕೆ ಹೇಗಿದೆ? ಪ್ಲಾಟು ತೆಗೆದುಕೊಳ್ಳಬಹುದೇ?

ಉತ್ತರ: ತಂಗಿ, ಭಾಗ್ಯನಗರದಲ್ಲಿ ವಾಸ ಮಾಡಿ, ಧಾರಾಳವಾಗಿ ಮಾಡಿ. ಆ ಪ್ಲಾಟಿಗೆ ಮಾತ್ರ ಈಗಲೇ ಅಡ್ವಾನ್ಸ್ ಕೊಡಬೇಡಿ. ನೀವು ಕೇಳಿರುವುದು ಎರಡು ಬೇರೆ ಪ್ರಶ್ನೆ. ಊರು ಹೇಗಿದೆ ಅನ್ನುವುದು ಒಂದು, ಊರಿನ ಅಂಚಿನಲ್ಲಿ ಸುಣ್ಣದ ಗೆರೆ ಎಳೆದ ಆ ಹೊಲ ಹೇಗಿದೆ ಅನ್ನುವುದು ಇನ್ನೊಂದು. ಮೊದಲನೆಯದರ ಒಳ್ಳೆಯ ಹೆಸರನ್ನು ತೋರಿಸಿ ಎರಡನೆಯದನ್ನು ಮಾರುವುದೇ ಏಜೆಂಟರ ಕೆಲಸ.

ಮೊದಲು ಊರು. ಭಾಗ್ಯನಗರ ನೇಕಾರರ ಊರು, ಸೀರೆಗೆ ಹೆಸರಾದದ್ದು. ಆಮೇಲೆ ಕೂದಲ ಉದ್ಯಮ ಬಂತು. ತಂದ ಕೂದಲನ್ನು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ ಹೊರಕ್ಕೆ ಕಳಿಸುವ ಈ ಕೆಲಸ ಅಲ್ಲಿನ ಎಷ್ಟೋ ಹೆಣ್ಣುಮಕ್ಕಳ ಕೈಖರ್ಚಿಗೆ ಮೂಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಹೆದ್ದಾರಿಯ ಉದ್ದಕ್ಕೂ ಕಬ್ಬಿಣದ ಕಾರ್ಖಾನೆಗಳು ಬಂದವು, ವೈದ್ಯಕೀಯ ಕಾಲೇಜೂ ಬಂತು. ಕೊಪ್ಪಳದೊಳಗೆ ಜಾಗ ತುಟ್ಟಿಯಾದಂತೆ ಜನ ರೈಲು ಹಳಿ ದಾಟಿ ಭಾಗ್ಯನಗರಕ್ಕೆ ಹೋದರು. ಗ್ರಾಮ ಪಂಚಾಯಿತಿ ಇದ್ದದ್ದು ಪಟ್ಟಣ ಪಂಚಾಯಿತಿ ಆಯಿತು. ಹಾಗಾಗಿ ಹಳೆಯ ಓಣಿಗಳಲ್ಲಿ ಬದುಕಿಗೆ ಬೇಕಾದದ್ದು ಬಹುತೇಕ ಇದೆ: ಕಿರಾಣಿ, ಔಷಧಿ ಅಂಗಡಿ, ಹಿಟ್ಟಿನ ಗಿರಣಿ, ಶಾಲೆ, ರಾತ್ರಿ ಒಂಬತ್ತಕ್ಕೂ ಸಿಗುವ ಆಟೋ. ಬಾಡಿಗೆಗೆ ಮನೆ ನೋಡುವಾಗ ಪಕ್ಕದಲ್ಲಿ ವಿದ್ಯುತ್ ಮಗ್ಗ ಇದೆಯೇ ಎಂದು ಒಮ್ಮೆ ಕಿವಿಗೊಡಿ. ನೇಕಾರರಿಗೆ ಆ ಸದ್ದು ಜೋಗುಳ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನಿಮ್ಮ ಯಜಮಾನರಿಗೆ ಹಾಗಿರುವುದಿಲ್ಲ.

ಇನ್ನು ಆ ಲೇಔಟು. ಮೊದಲು ಕೇಳಬೇಕಾದದ್ದು ದರವನ್ನಲ್ಲ, ಅದು ಯಾರ ಹದ್ದಿನಲ್ಲಿದೆ ಎಂಬುದನ್ನು. 'ಭಾಗ್ಯನಗರ' ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಅದು ಭಾಗ್ಯನಗರ ಪಟ್ಟಣ ಪಂಚಾಯಿತಿಯೊಳಗೆ ಇರಬೇಕೆಂದಿಲ್ಲ. ಪಕ್ಕದ ಹಳ್ಳಿಯ ಸರ್ವೆ ನಂಬರ್ ಆಗಿದ್ದು ಬೇರೆ ಗ್ರಾಮ ಪಂಚಾಯಿತಿಗೆ ಸೇರಿರಬಹುದು. ಆಗ ನೀರಿಗೆ ಒಂದು ಕಚೇರಿ, ಕಸಕ್ಕೆ ಇನ್ನೊಂದು ಎಂದು ಓಡಾಡಬೇಕು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪನ್ನು ಫೋನಿಗೆ ಹಾಕಿಕೊಂಡು ಆ ಜಾಗದಲ್ಲೇ ನಿಂತು ತೆರೆಯಿರಿ. ನಿಂತ ನೆಲದ ಗ್ರಾಮ, ಸರ್ವೆ ನಂಬರ್ ತೋರಿಸುತ್ತದೆ. ಏಜೆಂಟರು ಕೊಟ್ಟ ಕಾಗದದ ನಂಬರಿಗೆ ಅದು ತಾಳೆಯಾಗದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

'ಎನ್.ಎ. ಆಗ್ಯಾದ' ಅನ್ನುವ ಮಾತಿಗೆ ನಮ್ಮ ಕಡೆ ಇರುವಷ್ಟು ಬೆಲೆ ಆ ಕಾಗದಕ್ಕಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಹೊಲವನ್ನು ಬೇಸಾಯವಲ್ಲದ ಕೆಲಸಕ್ಕೆ ಬಳಸಲು ಕೊಟ್ಟ ಪರವಾನಗಿ ಅದು, ಅಷ್ಟೇ. ಅದಾದ ಮೇಲೆ ಲೇಔಟಿನ ನಕಾಶೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಕೊಪ್ಪಳಕ್ಕೆ ನಗರಾಭಿವೃದ್ಧಿ ಪ್ರಾಧಿಕಾರವಿದೆ, ವಿಚಾರಿಸಬೇಕಾದದ್ದು ಅಲ್ಲಿ. ರಸ್ತೆ, ಗಟಾರು, ನೀರಿನ ಪೈಪು, ಬೀದಿದೀಪ ಮಾಡಿಕೊಟ್ಟ ಹಾಗೆಲ್ಲ ಹಂತಹಂತವಾಗಿ ಪ್ಲಾಟುಗಳು ಮಾರಾಟಕ್ಕೆ ಬಿಡುಗಡೆಯಾಗುತ್ತವೆ. ನಿಮ್ಮ ಪ್ಲಾಟಿನ ನಂಬರು ಬಿಡುಗಡೆಯಾದ ಪಟ್ಟಿಯಲ್ಲಿದೆಯೇ? ಕೊನೆಗೆ ರಸ್ತೆ, ಪಾರ್ಕು, ಪೈಪು ಎಲ್ಲವನ್ನೂ ಲೇಔಟಿನವರು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾಗದ ಈ ಹಸ್ತಾಂತರ ಪತ್ರವೇ. ಅದು ಆಗುವವರೆಗೆ ಬೀದಿದೀಪ ಕೆಟ್ಟರೆ ಪಂಚಾಯಿತಿಯವರು 'ನಮಗಿನ್ನೂ ಬಂದಿಲ್ಲ' ಅನ್ನುತ್ತಾರೆ. ಪ್ಲಾಟು ಮಾರಿ ಮುಗಿಸಿದ ಲೇಔಟಿನವರು ಫೋನು ಎತ್ತುವುದಿಲ್ಲ. ಇಬ್ಬರೂ ತಮ್ಮ ಮಟ್ಟಿಗೆ ಸುಳ್ಳು ಹೇಳುತ್ತಿರುವುದಿಲ್ಲ, ಕತ್ತಲಲ್ಲಿ ನಿಂತವರು ನೀವು.

ಖಾತೆಯ ವಿಷಯ. 'ಆಗ್ತದ' ಸರಿ, ಯಾವ ಖಾತೆ? ಪಟ್ಟಣ ಪಂಚಾಯಿತಿಯಲ್ಲಾದರೆ ಅನುಮೋದಿತ ಲೇಔಟಿಗೆ ಎ-ಖಾತಾ, ಉಳಿದದ್ದಕ್ಕೆ ಬಿ-ಖಾತಾ. ಗ್ರಾಮ ಪಂಚಾಯಿತಿಯಲ್ಲಾದರೆ ನಮೂನೆ 9 ಮತ್ತು 11ಎ ಬೇಕು, 11ಬಿ ಕೊಟ್ಟರೆ ಅದು ಬಿ-ಖಾತೆಯ ತಮ್ಮನೇ. 2025ರಲ್ಲಿ ಸರ್ಕಾರ ಅಭಿಯಾನ ಮಾಡಿ ಅನಧಿಕೃತ ಬಡಾವಣೆಗಳಿಗೆ ಬಿ-ಖಾತಾ ಕೊಟ್ಟಿತಲ್ಲ, ಅದನ್ನೇ 'ಸಕ್ರಮ ಆಯ್ತು' ಎಂದು ಮಾರುವವರಿದ್ದಾರೆ. ತೆರಿಗೆ ವಸೂಲಿಯ ಲೆಕ್ಕಕ್ಕೆ ತಂದದ್ದು ಅದು, ಲೇಔಟಿಗೆ ಒಪ್ಪಿಗೆ ಕೊಟ್ಟದ್ದಲ್ಲ. ಬಿ-ಖಾತೆಗೆ ಬ್ಯಾಂಕಿನವರು ಗೃಹಸಾಲ ಕೊಡುವುದು ಕಷ್ಟ. ಇಬ್ಬರ ಸಂಬಳದ ಮೇಲೆ ಸಾಲ ತೆಗೆದು ಕಟ್ಟುವ ಯೋಚನೆ ಇದ್ದರೆ ಇದೊಂದೇ ಕಾರಣ ಸಾಕು ಕೈಬಿಡುವುದಕ್ಕೆ. ಮಂಜೂರಾದ ಪ್ಲಾನು ಇಲ್ಲದೆ ಕಟ್ಟಿ ಆಮೇಲೆ ನೋಡಿಕೊಳ್ಳೋಣ ಅನ್ನುವ ಕಾಲವೂ ಹೋಯಿತು. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕರೆಂಟಿನ ಮೀಟರಿಗೂ ಇಂಥ ದಾಖಲೆಗಳು ಅಡ್ಡ ಬಂದವು, ನಿಮ್ಮ ಅಳತೆಯ ಪ್ಲಾಟಿಗೆ ಈಗಿನ ನಿಯಮ ಏನೆಂದು ವಿದ್ಯುತ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಈಗ ನೀರು. ಕಾಗದಪತ್ರದ ಮಾತು ವಕೀಲರೂ ಹೇಳುತ್ತಾರೆ, ನೀರಿನ ಮಾತು ಅವರು ಹೇಳುವುದಿಲ್ಲ.

ತುಂಗಭದ್ರಾ ಅಣೆಕಟ್ಟು ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲೇ ಇದ್ದರೂ ನಲ್ಲಿಯಲ್ಲಿ ದಿನಾಲೂ ನೀರು ಬರುವುದಿಲ್ಲ ಎಂದುಕೊಂಡೇ ಇಲ್ಲಿ ಮನೆ ಕಟ್ಟಬೇಕು. ಹೊಳೆಯಲ್ಲಿ ನೀರಿಲ್ಲವೆಂದಲ್ಲ. ನೀರನ್ನು ಎತ್ತುವ ಪಂಪು, ಶುದ್ಧೀಕರಿಸುವ ಘಟಕ, ಮೇಲಿನ ಟ್ಯಾಂಕು, ಪೈಪಿನ ಅಳತೆ ಇವೆಲ್ಲ ಊರು ಚಿಕ್ಕದಿದ್ದಾಗ ಹಾಕಿದ ಲೆಕ್ಕ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಒಳಚರಂಡಿ ಇಲ್ಲದ ಊರಿಗೆ 70 ಲೀಟರ್ ಎಂಬ ಮಾನದಂಡದ ಮೇಲೆ ನೀರಿನ ಯೋಜನೆಗಳನ್ನು ರೂಪಿಸುವ ರೂಢಿಯಿತ್ತು. ಅಂದರೆ ಆ ಲೆಕ್ಕದ ಯೋಜನೆಯಲ್ಲಿ ಎಲ್ಲವೂ ಸರಿಯಾಗಿ ನಡೆದರೂ ಒಳಚರಂಡಿ ಇಲ್ಲದ ಸಣ್ಣ ಪಟ್ಟಣದವರಿಗೆ ಅರ್ಧ ನೀರು.

ಆದ್ದರಿಂದ ಆ ಲೇಔಟಿನ ಹತ್ತಿರ ಈಗಾಗಲೇ ವಾಸ ಇರುವ ಮನೆಗೆ ಹೋಗಿ ಹೆಣ್ಣುಮಕ್ಕಳನ್ನೇ ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಎಷ್ಟು ತಾಸು? ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ? ಗಂಡಸರನ್ನು ಕೇಳಿದರೆ 'ಬರ್ತಾವ್ರಿ' ಅನ್ನುತ್ತಾರೆ, ರಾತ್ರಿ ಎರಡಕ್ಕೆ ಎದ್ದು ಮೋಟಾರು ಹಚ್ಚುವವರು ಅವರಲ್ಲ. ವಾರಕ್ಕೊಮ್ಮೆ ಬರುತ್ತದೆ ಎಂದಾದರೆ ನಾಲ್ಕು ಜನಕ್ಕೆ ತಲಾ 135 ಲೀಟರಿನಂತೆ ಏಳು ದಿನಕ್ಕೆ 3,780 ಲೀಟರ್ ಬೇಕು. ಆರಡಿ ಉದ್ದ, ಐದಡಿ ಅಗಲ, ಐದಡಿ ಆಳದ ಸಂಪಿನಲ್ಲಿ ಸುಮಾರು 4,200 ಲೀಟರ್ ಹಿಡಿಯುತ್ತದೆ. ಸಂಪಿನ ಈ ಖರ್ಚನ್ನೂ ಪ್ಲಾಟಿನ ದರಕ್ಕೇ ಕೂಡಿಸಿ ನೋಡಿ.

'ಬೋರ್ ಹಾಕಿಸಿದ್ರಾತು' ಅನ್ನುವವರು ಖಂಡಿತ ಇರುತ್ತಾರೆ. ಬೋರಿನ ನೀರು ಬಳಸಲಿಕ್ಕೆ ಸರಿ. ಕುಡಿಯಲಿಕ್ಕೆ ಪರೀಕ್ಷೆ ಮಾಡಿಸದೆ ಬೇಡವೇ ಬೇಡ, ಅದರಲ್ಲೂ ನಾಲ್ಕು ವರ್ಷದ ಮಗು ಇರುವ ಮನೆಯಲ್ಲಿ. ಕೊಪ್ಪಳ ಜಿಲ್ಲೆಯ, ಮುಖ್ಯವಾಗಿ ಕುಷ್ಟಗಿ, ಯಲಬುರ್ಗಾ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ. ಮಕ್ಕಳಿಗೆ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಆಗ ಕುಡಿದ ಫ್ಲೋರೈಡ್ ನೀರಿನ ಕಂದು ಕಲೆ ಆಮೇಲೆ ಯಾವ ಪೇಸ್ಟಿಗೂ ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟು ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಪಕ್ಕದ ಬೋರಿನ ಒಂದು ಲೀಟರ್ ನೀರನ್ನು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ವಿಚಾರಿಸಿ. ಗಾಜಿನ ಬಾಟಲಿ ಬೇಡ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಇಪ್ಪತ್ತು ಲೀಟರಿನ ಕ್ಯಾನು ಹಿಡಿದು ನಾಣ್ಯ ಹಾಕಿ ತುಂಬಿಸುವ ಶುದ್ಧ ನೀರಿನ ಘಟಕ ಲೇಔಟಿನಿಂದ ಎಷ್ಟು ದೂರ ಎಂಬುದನ್ನೂ ಅಳೆಯಿರಿ. ಅಲ್ಲಿಗೆ ಹೋಗಿ ಬರುವ ಕೆಲಸ ಯಾರ ತಲೆಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಒಳಗೆ ಬಂದ ನೀರು ಹೊರಗೆ ಹೋಗಬೇಕಲ್ಲ. ಹೊಸ ಲೇಔಟಿನಲ್ಲಿ ಒಳಚರಂಡಿ ಇಲ್ಲದಿದ್ದರೆ ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕು, ಪಕ್ಕದಲ್ಲಿ ಇಂಗುಗುಂಡಿ. ಇಂಗುಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ಕನಿಷ್ಠ 18 ಮೀಟರ್ ಅಂತರವಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಪ್ಲಾಟಿನ ಅಗಲ 30 ಅಡಿ, ಅಂದರೆ 9 ಮೀಟರ್. ಉದ್ದ 12 ಮೀಟರ್. ಇಂಗುಗುಂಡಿ ನಿಮ್ಮದಾಗಲಿ ನೆರೆಯವರದಾಗಲಿ, ಯಾರದೋ ಒಬ್ಬರ ಬೋರಿಗೆ ಹತ್ತಿರವಾಗಿಯೇ ತೀರುತ್ತದೆ. ಮನೆಗಳು ವಿರಳವಾಗಿರುವಾಗ ಇದು ಗೊತ್ತಾಗುವುದಿಲ್ಲ, ಲೇಔಟು ತುಂಬಿದ ಮೇಲೆ ಬೋರಿನ ನೀರು ವಾಸನೆ ಹೊಡೆಯತೊಡಗುತ್ತದೆ. ಬೋರ್ ನಂಬಿ ಪ್ಲಾಟು ತೆಗೆದುಕೊಳ್ಳಬೇಡಿ ಎನ್ನುವುದಕ್ಕೆ ಫ್ಲೋರೈಡಿಗಿಂತ ದೊಡ್ಡ ಕಾರಣ ಇದು. ಸಕ್ಕಿಂಗ್ ಮಷಿನ್ ಒಳಗೆ ಬರುವಷ್ಟು ರಸ್ತೆ ಅಗಲವಿದೆಯೇ ಎಂದೂ ನೋಡಿಕೊಳ್ಳಿ.

ಅತ್ತೆಯವರ ಉಬ್ಬಸದ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಗಳು ಹೆಚ್ಚಾಗಿರುವುದು ಗಿಣಿಗೇರಾ ಸುತ್ತ, ಅಂದರೆ ಕೊಪ್ಪಳಕ್ಕೆ ಪೂರ್ವದಿಕ್ಕಿಗೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪಶ್ಚಿಮದ ಗಾಳಿ, ಹೊಗೆಯನ್ನು ಆಚೆ ಒಯ್ಯುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ, ಅದೂ ಬೆಳಗಿನ ಜಾವ ನೆಲಕ್ಕೆ ಅಂಟಿಕೊಂಡೇ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹೋಗಿ 'ಗಾಳಿ ಚಲೋ ಐತಿ' ಎಂದು ತೀರ್ಮಾನಿಸಿದರೆ ಅರ್ಧ ವರ್ಷ ಮಾತ್ರ ನೋಡಿದಂತೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ನಿಲ್ಲಿ. ಕೊಪ್ಪಳದ ದಿವಟರ್ ನಗರದಲ್ಲಿ ಮಾಲಿನ್ಯ ಅಳೆಯುವ ಕೇಂದ್ರವಿದೆ, ಅಂಕಿ ಸಮೀರ್ ಆ್ಯಪಿನಲ್ಲಿ ಸಿಗುತ್ತದೆ. ದಿನದ ಸರಾಸರಿ ಪಿಎಂ 2.5 ಅಂದರೆ ಸೂಕ್ಷ್ಮ ಧೂಳು ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು, ಪಿಎಂ 10 ಅಂದರೆ ದಪ್ಪ ಧೂಳು 100 ಮೀರಬಾರದು. ಆ ಕೇಂದ್ರ ನಿಮ್ಮ ಲೇಔಟಿನಲ್ಲಿಲ್ಲ ಎಂಬುದು ನಿಜ, ತಿಂಗಳಿಂದ ತಿಂಗಳಿಗೆ ಏರಿಳಿತ ತಿಳಿಯಲು ಸಾಕು.

ಮನೆಮಟ್ಟದ ಪರೀಕ್ಷೆ ಒಂದಿದೆ. ಆ ಭಾಗದ ಯಾರದಾದರೂ ಮಾಳಿಗೆಯ ಮೂಲೆಯಲ್ಲಿ ಕೂತ ಧೂಳನ್ನು ಬಿಳಿ ಕಾಗದದ ಮೇಲೆ ಗುಡಿಸಿಕೊಳ್ಳಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕಿನಲ್ಲಿ ಸುತ್ತಿ ಅದರ ಮೇಲೆ ಆಡಿಸಿ. ಕಪ್ಪು ಪುಡಿ ಎದ್ದು ಗಡ್ಡದ ಹಾಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಅಂಟಿದರೆ ಗಾಬರಿ ಬೇಡ, ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶವಿದೆ. ನಿಮ್ಮ ಈಗಿನ ಮನೆಯ ಮಾಳಿಗೆಯ ಧೂಳಿನಲ್ಲೂ ಹೀಗೇ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದ್ದರೆ ಅತ್ತೆಯವರ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಕಾರ್ಖಾನೆಯ ಸಂಬಳದಿಂದಲೇ ಕಾರ್ಖಾನೆಯ ಧೂಳಿಗೆ ಇನ್ಹೇಲರ್ ಕೊಳ್ಳುವ ಸ್ಥಿತಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ಈ ಹೊರೆಯನ್ನು ಲೇಔಟಿನ ಕರಪತ್ರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ.

ನೆಲವನ್ನೂ ನೋಡಬೇಕು. ಕೊಪ್ಪಳದ ಸುತ್ತ ಮಸಾರಿಯೂ ಇದೆ, ಎರೆ ಅಂದರೆ ಕಪ್ಪು ಮಣ್ಣೂ ಇದೆ. ಎರೆ ಹೊಲ ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಗರಸು ಹೊಡೆದು ರೋಲರ್ ಹಾಯಿಸಿದ್ದರೆ ನೋಡುವವರ ಕಣ್ಣಿಗೆ ಗಟ್ಟಿ ನೆಲದ ಹಾಗೇ ಕಾಣುತ್ತದೆ. ಗಟಾರಿಗೆ ತೋಡಿದ ಕಾಲುವೆಯಲ್ಲೋ ಕರೆಂಟು ಕಂಬದ ಗುಂಡಿಯಲ್ಲೋ ಇಣುಕಿ ನೋಡಿ, ಗರಸಿನ ಕೆಳಗೆ ಕಪ್ಪು ಪದರ ಎಷ್ಟು ಆಳವಿದೆ ತಿಳಿಯುತ್ತದೆ. ಎರೆ ಆದರೆ ಮನೆ ಕಟ್ಟಬಾರದೆಂದಿಲ್ಲ, ಗಟ್ಟಿ ಸಿಗುವವರೆಗೆ ಪಾಯ ಇಳಿಸಬೇಕು, ದುಡ್ಡೂ ಅಲ್ಲೇ ಇಳಿಯುತ್ತದೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಹಳೆಯ ಗ್ರಾಮ ನಕಾಶೆ ಸಿಗುತ್ತದೆ. ಹಳ್ಳ, ಬಂಡಿದಾರಿ ಎಲ್ಲವೂ ಅದರಲ್ಲಿರುತ್ತವೆ. ಲೇಔಟಿನ ನಕಾಶೆಯಲ್ಲಿ 'ಪಾರ್ಕ್' ಎಂದು ಹಸಿರು ಬಳಿದ ಜಾಗ ಗ್ರಾಮ ನಕಾಶೆಯಲ್ಲಿ ಹಳ್ಳವಾಗಿದ್ದರೆ, ಮಳೆಗಾಲದ ಒಂದು ರಾತ್ರಿ ಹಳ್ಳ ತನ್ನ ಜಾಗ ಹುಡುಕಿಕೊಂಡು ಬರುತ್ತದೆ.

ಓಡಾಟ ನಿಮಗೆ ದೊಡ್ಡ ತೊಂದರೆ ಆಗದು. ಗಿಣಿಗೇರಾ ಹತ್ತು ಹನ್ನೆರಡು ಕಿಲೋಮೀಟರ್. ರೈಲ್ವೆ ಮೇಲ್ಸೇತುವೆ ಆದ ಮೇಲೆ ಭಾಗ್ಯನಗರದವರ ಗೇಟಿನ ಕಾಟವೂ ಕಡಿಮೆಯಾಗಿದೆ. ಲೇಔಟಿನಿಂದ ಬರುವ ದಾರಿ ಮಾತ್ರ ಹಳಿಯನ್ನು ಯಾವ ಕಡೆಯಿಂದ ದಾಟುತ್ತದೆ ನೋಡಿ. ಕೆಳಸೇತುವೆ ಇದ್ದರೆ ಮಳೆ ಬಂದ ಮರುದಿನವೇ ಹೋಗಿ ನೋಡಿ. ನಿಮಗೆ ಶಕ್ತಿ ಯೋಜನೆಯ ಉಚಿತ ಬಸ್ಸಿದ್ದರೂ ಬಸ್ಸು ಲೇಔಟಿನ ಬಾಯಿಗೆ ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ, ಅದೇ ಹೊತ್ತಿಗೆ, ಮಗಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.

ಶಾಲೆಯ ಬಗ್ಗೆ ಶಿಕ್ಷಕಿಗೆ ನಾನೇನು ಹೇಳಲಿ, ನೀವೇ ಬಲ್ಲಿರಿ. ಆಸ್ಪತ್ರೆಗೆ ಕೊಪ್ಪಳದ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಸಂಸ್ಥೆ ಹತ್ತಿರವೇ ಇವೆ. ದೊಡ್ಡ ಕಾಯಿಲೆಗೆ ಹುಬ್ಬಳ್ಳಿ. ರಾತ್ರಿ ಅತ್ತೆಯವರಿಗೆ ಉಸಿರು ಕಟ್ಟಿದರೆ 108 ಗಾಡಿಯವನಿಗೆ ಮನೆ ಗುರುತು ಹೇಳಲು ಬರುವಂತಿರಬೇಕು. ಬೋರ್ಡಿಲ್ಲದ, ದೀಪವಿಲ್ಲದ ಮೂರನೇ ಅಡ್ಡರಸ್ತೆ ಎಂದರೆ ಯಾರಿಗೂ ತಿಳಿಯದು. ಲೇಔಟಿಗೆ ವಿದ್ಯುತ್ ಕಂಪನಿ ಜೆಸ್ಕಾಂ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೂರಿಸಿದೆಯೇ, ಇನ್ನೂ ಹೊಲದ ಪಂಪ್‌ಸೆಟ್ ಲೈನಿನಿಂದಲೇ ಎಳೆದುಕೊಂಡಿದ್ದಾರೆಯೇ ಎಂಬುದನ್ನೂ ಆಗಲೇ ಕಣ್ಣಾಡಿಸಿ. ನೆಬ್ಯುಲೈಸರ್ ಹಚ್ಚುವ ಮನೆಗೆ ಇದು ಸಣ್ಣ ಮಾತಲ್ಲ.

ನನ್ನ ಸಲಹೆ ಇಷ್ಟು: ಭಾಗ್ಯನಗರದ ಹಳೆಯ ಭಾಗದಲ್ಲಿ, ಆ ಲೇಔಟಿಗೆ ಆದಷ್ಟು ಹತ್ತಿರ, ಒಂದು ವರ್ಷ ಬಾಡಿಗೆಗೆ ಇರಿ. ಒಂದು ಬೇಸಿಗೆಯ ನೀರು, ಒಂದು ಮಳೆಗಾಲದ ರಸ್ತೆ, ಒಂದು ಚಳಿಗಾಲದ ಗಾಳಿ ನೋಡಿದ ಹಾಗಾಗುತ್ತದೆ. ಅಷ್ಟರಲ್ಲಿ ದರ ಏರಿದರೆ ಎಂದು ಯಜಮಾನರು ಕೇಳುತ್ತಾರೆ. ಏರಬಹುದು. ಹಾಗಿದ್ದರೂ ಹಸ್ತಾಂತರವಾದ ಲೇಔಟಿನಲ್ಲಿ ನಾಲ್ಕು ಕಾಸು ಹೆಚ್ಚಿಗೆ ಕೊಡುವುದು, ಹಸ್ತಾಂತರವಾಗದ ಕಡೆ ಟ್ಯಾಂಕರಿಗೂ ಬೋರಿಗೂ ಸುರಿಯುವುದಕ್ಕಿಂತ ಅಗ್ಗ. ಪ್ಲಾಟೇ ಬೇಕೆಂದರೆ ಅದೇ ಭಾಗದಲ್ಲಿ ಐದಾರು ವರ್ಷ ಹಳೆಯ, ಅರ್ಧಕ್ಕಿಂತ ಹೆಚ್ಚು ಮನೆ ಎದ್ದ ಅನುಮೋದಿತ ಬಡಾವಣೆಯಲ್ಲಿ ಮರುಮಾರಾಟಕ್ಕೆ ಬಂದದ್ದನ್ನು ಹುಡುಕಿ.

ಈ ಲೇಔಟಿನ ಮೇಲೇ ಮನಸ್ಸಿದ್ದರೆ, ಅಡ್ವಾನ್ಸಿಗೆ ಮುಂಚೆ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಅದರ ಜೊತೆಗೇ ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿ. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಒಂದು: ಸರ್ವೆ ನಂಬರ್ ಇಂಥದ್ದರ ಲೇಔಟಿನ ಅನುಮೋದಿತ ನಕಾಶೆ ಮತ್ತು ಬಿಡುಗಡೆಯಾದ ನಿವೇಶನಗಳ ಪಟ್ಟಿಯ ನಕಲು ಕೊಡಿ ಎಂದು. ಪಟ್ಟಣ ಪಂಚಾಯಿತಿಗೆ, ಅಥವಾ ದಿಶಾಂಕ್ ತೋರಿಸಿದ ಗ್ರಾಮ ಪಂಚಾಯಿತಿಗೆ ಇನ್ನೊಂದು: ಅದರ ಹಸ್ತಾಂತರ ಪತ್ರದ ನಕಲು ಕೊಡಿ ಎಂದು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅಲ್ಲಿಯವರೆಗೆ ಕಾಯಿರಿ ಎಂದು ಏಜೆಂಟರಿಗೆ ಹೇಳಿ. ಅಷ್ಟು ದಿನ ಕಾಯಲಾಗದು, ಬೇರೆ ಗಿರಾಕಿ ಇದ್ದಾರೆ ಎಂದರೆ ಆ ಗಿರಾಕಿಗೇ ಕೊಡಲಿ ಬಿಡಿ.